ಸೀಟು ಸಿಕ್ಕ ಮೇಲೆ
(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಊಟಕ್ಕೆ ಮುಂಚಿನ ಭಾಷಣ ಯಾರಿಗೂ ಬೇಡ; ಚುಟುಕಾಗಿಯೇ ಹೇಳುತ್ತೇವೆ. ಸಂಘದ ಸದಸ್ಯರಲ್ಲಿ ಆಸ್ಪತ್ರೆಗಳಲ್ಲಿ ದುಡಿಯುವ ನಾವು ಕೆಲವರು, ಈ ಊರಿನಲ್ಲಿ ನರ್ಸಿಂಗ್ ಓದುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಶನಿವಾರದ ಪಾಠ ನಡೆಸುತ್ತಿದ್ದೇವೆ. ನಮ್ಮ ಕನ್ನಡದವರೂ ಇದ್ದಾರೆ. ಆಫ್ರಿಕನ್ ಅಮೆರಿಕನ್ನರು, ಮೆಕ್ಸಿಕೋ, ಫಿಲಿಪೀನ್ಸ್ ಮೂಲದವರೂ ಇದ್ದಾರೆ.

ಸೀಟು ಸಿಕ್ಕರೆ ಗೆದ್ದಂತೆ ಎಂದು ಭಾವಿಸಿದ್ದೆವು. ಉಳಿಯುವುದೇ ಹೆಚ್ಚು ಕಷ್ಟ. ಇದು ಹಳೆಯ ಕಥೆ. ಬಾಸ್ಟನ್ನಿನ ಒಂದು ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಅಡಿಗೆ, ಒಗೆತ ಮಾಡಿಕೊಂಡಿದ್ದ ಮೇರಿ ಎಲಿಜಾ ಮಹೋನಿ ಅಲ್ಲಿನ ಶಾಲೆಯಲ್ಲೇ ಓದಿ, 1879ರಲ್ಲಿ ತರಬೇತಿ ಮುಗಿಸಿದ ಮೊದಲ ಆಫ್ರಿಕನ್ ಅಮೆರಿಕನ್ ನರ್ಸ್ ಎನಿಸಿದರು. ಸುಮಾರು 40 ಮಂದಿ ಸೇರಿದ್ದ ತಂಡದಲ್ಲಿ ಕೊನೆ ಮುಟ್ಟಿದವರು ಬೆರಳೆಣಿಕೆಯಷ್ಟು.

ಹಾಸನದ ಕಡೆಯ ಹುಡುಗಿಯೊಬ್ಬಳು ಮೊದಲ ಪರೀಕ್ಷೆಯಲ್ಲೇ ಫೇಲಾದಳು. ಔಷಧಿಗಳ ಹೆಸರೆಲ್ಲ ಅವಳಿಗೆ ಬಾಯಿಪಾಠ. ಪ್ರಶ್ನೆ ಮಾತ್ರ ಬೇರೆ ಥರದ್ದು: ನಾಲ್ವರು ರೋಗಿಗಳಲ್ಲಿ ಮೊದಲು ಯಾರ ಬಳಿ ಹೋಗುವಿರಿ? ನಾಲ್ವರನ್ನೂ ನೋಡಲೇಬೇಕು, ಆದರೆ ಉಸಿರು ಕಟ್ಟುತ್ತಿರುವವನು ಮೊದಲು, ನೋವಿನ ಮಾತ್ರೆ ಕೇಳುವವನು ಆಮೇಲೆ. ಲೈಸೆನ್ಸಿಗಾಗಿ ಬರೆಯುವ ಎನ್‌ಕ್ಲೆಕ್ಸ್ ಪರೀಕ್ಷೆಯಲ್ಲೂ ಇಂಥವೇ ಪ್ರಶ್ನೆಗಳು. 2023ರ ಏಪ್ರಿಲ್‌ನಿಂದಂತೂ ಒಬ್ಬನೇ ರೋಗಿಯ ಸ್ಥಿತಿಯನ್ನು ಹಂತಹಂತವಾಗಿ ಹಿಂಬಾಲಿಸಿ ತೀರ್ಮಾನಿಸುವ ಪ್ರಶ್ನೆಗಳೂ ಸೇರಿವೆ. ಉರು ಹೊಡೆದೇ ಪಾಸಾಗುತ್ತ ಬಂದವರಿಗೆ ಇದು ಹೊಸ ಭಾಷೆಯನ್ನೇ ಕಲಿತಂತೆ.

ಪ್ರೊಫೆಸರರನ್ನು ಏಕೆ ಕಾಣಲಿಲ್ಲ ಎಂದೆವು. "ನಾನು ದಡ್ಡಿ ಅಂತ ನಾನೇ ಹೋಗಿ ಹೇಳಲಾ ಆಂಟಿ?" ಎಂದಳು. ಆಫೀಸ್ ಅವರ್ಸ್ ಎಂದರೆ ವಿದ್ಯಾರ್ಥಿಗಳಿಗಾಗಿಯೇ ಇಟ್ಟ ಹೊತ್ತು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮೊದಲ ದಿನ ನಮ್ಮಲ್ಲೊಬ್ಬರು ಬಾಗಿಲವರೆಗೂ ಜೊತೆಗೆ ಹೋದರು. ಈಗ ಅವಳು ಕೊನೆಯ ವರ್ಷದಲ್ಲಿದ್ದಾಳೆ.

ಇನ್ನೊಬ್ಬಳನ್ನು ಉಳಿಸಿಕೊಳ್ಳಲಾಗಲಿಲ್ಲ. ಮೆಕ್ಸಿಕೋ ಮೂಲದವಳು, ಒಂದು ಮಗುವಿನ ತಾಯಿ. ಆಸ್ಪತ್ರೆಯ ತರಬೇತಿ ಬೆಳಗ್ಗೆ 6.30ಕ್ಕೆ, ಡೇ ಕೇರ್ ತೆರೆಯುವುದು 7ಕ್ಕೆ. ಓದಿನಲ್ಲಿ ಎಲ್ಲರಿಗಿಂತ ಮುಂದಿದ್ದವಳು ಅವಳೇ. ಓದು ಬಿಟ್ಟದ್ದು ನಮಗೆ ತಿಳಿದದ್ದು ಮೂರು ವಾರದ ಮೇಲೆ. ಆ ಒಂದು ಗಂಟೆ ಮಗುವನ್ನು ನೋಡಿಕೊಳ್ಳಲು ನಮ್ಮ ಸಂಘದಲ್ಲಿ ಅಜ್ಜಿಯರಿಗೇನು ಬರವೇ?

ಕನ್ನಡದ ಮಕ್ಕಳಿಗಷ್ಟೇ ಮಾಡಬಾರದೇ ಎಂದು ಸಮಿತಿಯಲ್ಲಿ ಒಬ್ಬರು ಕೇಳಿದರು. ಅವರೆಲ್ಲ ಒಂದೇ ಮೇಜಿನಲ್ಲಿ ಓದುತ್ತಾರೆ; ಬೇರೆ ಬೇರೆ ಕೂರಿಸಲು ನಮಗೆ ಬಾರದು.

ಹಣ ಕೊಟ್ಟರೆ ಬೇಡವೆನ್ನುವುದಿಲ್ಲ. ಆದರೆ ಬೇಕಾಗಿರುವುದು ಮುಂಜಾನೆ ಕಾರು ಓಡಿಸುವವರು, ಮಗುವನ್ನು ನೋಡಿಕೊಳ್ಳುವವರು, ಮತ್ತು ಮೊದಲ ಪರೀಕ್ಷೆಯ ಫಲಿತಾಂಶ ಬಂದ ವಾರವೇ ಒಬ್ಬೊಬ್ಬರಿಗೂ ಫೋನ್ ಮಾಡುವವರು. ಹೆಸರು ಬರೆಯುವ ಪುಸ್ತಕ ಕಾಫಿ ಮೇಜಿನ ಬಳಿ ಇದೆ, ಪೆನ್ನನ್ನೂ ಕಟ್ಟಿಟ್ಟಿದ್ದೇವೆ.