ಬೀಚಿಯವರೂ ಅವರ ತಿಂಮನೂ



ಮಹೋತ್ಸವದ ಈ ಸಭೆಯಲ್ಲಿ ವಿನೋದ ಕಾದಂಬರಿಗಳನ್ನು ಬರೆದವರೊಬ್ಬರನ್ನು ಕುರಿತು ಮಾತನಾಡಬೇಕೆಂದು ಅಪ್ಪಣೆಯಾದಾಗ ನಾನು ತುಸು ಅಂಜಿದೆನು. ಕಾರಣವನ್ನು ಮರೆಮಾಚುವದಿಲ್ಲ. ನಾನು ಆರಿಸಿಕೊಂಡಿರುವ ಬೀಚಿಯವರ ಕಾದಂಬರಿಗಳಲ್ಲೊಂದರ ಹೆಸರು ‘ಸತೀಸೂಳೆ’. ವಿದ್ಯಾರ್ಥಿದೆಸೆಯಲ್ಲಿ ವಾಚನಾಲಯದಿಂದ ಆ ಪುಸ್ತಕವನ್ನು ಪಡೆದು ಶಾಲೆಗೆ ಒಯ್ದಿದ್ದೆನು. ಗುರುಗಳೊಬ್ಬರು ಅದನ್ನು ಕಸಿದುಕೊಂಡು, ಮೇಲಿನ ಹೆಸರನ್ನಷ್ಟೇ ಓದಿ, ನನ್ನನ್ನು ಮಧ್ಯಾಹ್ನದ ವರೆಗೆ ಹೊರಗೆ ನಿಲ್ಲಿಸಿದರು. ಪುಸ್ತಕವು ಮರಳಿ ಬರಲಿಲ್ಲ. ಅದರ ಬೆಲೆಯನ್ನು ನಮ್ಮ ತಂದೆಯವರು ಕೂಲಿಯ ಹಣದಿಂದ ತೆರಬೇಕಾಯಿತು. ಅಂದು ಅವರು ಕೇಳಿದ ಮಾತು ಇಷ್ಟೇ: “ಇಷ್ಟು ರೊಕ್ಕ ಕೊಟ್ಟೀನಿ, ಅದರಾಗ ಏನೈತಿ ಅಂತನರೆ ಹೇಳು.” ನನಗೆ ಹೇಳಲಾಗಲಿಲ್ಲ, ನಾನು ಓದಿದ್ದು ಹತ್ತೇ ಪುಟ.

ಬೀಚಿಯವರ ನಿಜನಾಮಧೇಯವು ರಾಯಸಂ ಭೀಮಸೇನರಾವ್. 1913ರಲ್ಲಿ ಹರಪನಹಳ್ಳಿಯಲ್ಲಿ ಜನಿಸಿದರು. ಅಂದು ಆ ಊರು ಮದ್ರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದಿತು. ಬಡತನದಲ್ಲಿ ಬೆಳೆದು, ಪೋಲೀಸು ಇಲಾಖೆಯಲ್ಲಿ ನೌಕರಿಗೆ ಸೇರಿದರು. ತಾರುಣ್ಯದಲ್ಲಿ ಅವರಿಗೆ ಕನ್ನಡವೆಂದರೆ ತಾತ್ಸಾರ, ಇಂಗ್ಲಿಷಿನ ಮೇಲೆ ಮೋಹ. ಅ. ನ. ಕೃಷ್ಣರಾಯರ ‘ಸಂಧ್ಯಾರಾಗ’ ಕಾದಂಬರಿಯು ಕೈಗೆ ಬಂದು, ಅದನ್ನು ಓದಿದ ಮೇಲೆ ಈ ಮೋಹವು ಕಳಚಿತು, ಅ.ನ.ಕೃ. ಅವರನ್ನೇ ಗುರುವೆಂದು ಬಗೆದು ಲೇಖನಿಯನ್ನು ಹಿಡಿದರು. ಆದರೂ ತಮ್ಮ ಹಳೆಯ ಮೋಹವನ್ನು ಅವರು ಬಚ್ಚಿಡಲಿಲ್ಲ. ಸಹಿಯಲ್ಲಿ ‘ಬೀ’ ಎಂಬುದನ್ನು ಕನ್ನಡ ಅಕ್ಷರದಿಂದಲೂ ‘ಚಿ’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಿಂದಲೂ ಬರೆಯುತ್ತಿದ್ದರು. ಹಾಸ್ಯಗಾರನು ಮೊದಲು ತನ್ನನ್ನೇ ನಗೆಗೆ ಗುರಿಮಾಡಿಕೊಂಡ ಬಗೆಯಿದು.

ಈ ಸಂಗತಿಯು ನಮ್ಮ ಸೀಮೆಯವರಿಗೆ ಬೇಗ ತಿಳಿಯುವದು. 1948ರ ವರೆಗೆ ನಾವು ನಿಜಾಮರ ಆಳಿಕೆಯಲ್ಲಿದ್ದೆವು. ಕಚೇರಿಯ ಕಾಗದವೂ ಮೇಲಿನ ವಿದ್ಯಾಭ್ಯಾಸವೂ ಉರ್ದುವಿನಲ್ಲಿ ನಡೆಯುತ್ತಿದ್ದವು. ಮನೆಯ ಮಾತು ಒಂದು, ಮಾನದ ಮಾತು ಇನ್ನೊಂದು ಆಗಿದ್ದಿತು. ನಮ್ಮ ಹಿರಿಯರಲ್ಲಿ ಎಷ್ಟೋ ಜನರು ಅರ್ಜಿಯನ್ನು ಉರ್ದುವಿನಲ್ಲಿ ಬರೆದು, ಅಳುವನ್ನೂ ನಗುವನ್ನೂ ಕನ್ನಡದಲ್ಲಿ ಉಳಿಸಿಕೊಂಡವರು.

ಇನ್ನು ಮುಖ್ಯ ವಿಷಯಕ್ಕೆ ಬರುವೆನು. ವಿನೋದವನ್ನು ಬರೆಯುವವನು ಯಾರ ಅನ್ನವನ್ನು ಉಣ್ಣಬೇಕು? ಅರಸನ ಅನ್ನವನ್ನುಂಡರೆ ಅರಸನನ್ನು ಕಂಡು ನಗಲಾಗದು. ವಿದ್ವಾಂಸರ ಮನ್ನಣೆಯನ್ನು ಬಯಸಿದರೆ ವಿದ್ವಾಂಸರನ್ನು ಕಂಡು ನಗಲಾಗದು. ಬೆಂಗಳೂರಿನ ‘ಕೊರವಂಜಿ’ಯನ್ನು 1942ರಿಂದ 1967ರ ವರೆಗೆ ನಡೆಸಿದ ರಾಶಿಯವರಿಗೆ ವೈದ್ಯವೃತ್ತಿಯ ಆಧಾರವಿದ್ದಿತು. ಮೈಸೂರಿನ ಆರ್. ಕೆ. ನಾರಾಯಣರು ಅದೇ 1942ರಲ್ಲಿ, ಯುದ್ಧಕಾಲದಲ್ಲಿ, ತಮ್ಮದೇ ಪ್ರಕಾಶನವನ್ನು ತೆರೆದರು. ಅವರಿಗಿಂತ ಹಿಂದಿನವರಾದ ಗಳಗನಾಥರಂತೂ ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಅವರದು ವಿನೋದವಲ್ಲ, ಇತಿಹಾಸ. ಆದರೆ ಓದುಗನ ಬಾಗಿಲಿಗೆ ಹೋದ ಆ ನಡಿಗೆಯ ಋಣ ಕನ್ನಡದ ಎಲ್ಲ ಕಾದಂಬರಿಕಾರರ ಮೇಲಿದೆ.

ಬೀಚಿಯವರ ಇಕ್ಕಟ್ಟು ಇವರೆಲ್ಲರಿಗಿಂತ ಬೇರೆಯಾದದ್ದು. ಅವರ ಸಂಬಳವು ಬರುತ್ತಿದ್ದುದು ಸರಕಾರದಿಂದ, ಅದರಲ್ಲಿಯೂ ಪೋಲೀಸು ಇಲಾಖೆಯಿಂದ. ಅವರ ಲೇಖನಿ ಓಡುತ್ತಿದ್ದುದು ಅಧಿಕಾರದ ಡೌಲಿನ ಮೇಲೆ. ಆದುದರಿಂದಲೇ ಅವರಿಗೆ ತಿಂಮನು ಬೇಕಾದನೆಂದು ನನ್ನ ಎಣಿಕೆ. ಹುಬ್ಬಳ್ಳಿಯ ‘ವಿಶಾಲ ಕರ್ನಾಟಕ’ ಪತ್ರಿಕೆಯಲ್ಲಿ ‘ಬೇವಿನಕಟ್ಟೆ ತಿಂಮ’ ಎಂಬ ಅಂಕಣದಿಂದ ಈ ತಿಂಮನು ಮನೆಮಾತಾದನು. ತಿಂಮನು ದಡ್ಡನು. ಕೇಳಿದ್ದನ್ನು ತಪ್ಪಾಗಿ ತಿಳಿದು, ತಿಳಿದಂತೆ ಉತ್ತರ ಕೊಡುವನು. ಆ ತಪ್ಪು ಉತ್ತರವು ಕೇಳಿದವನ ಮರ್ಮಕ್ಕೆ ಹೋಗಿ ತಾಗುವದು. ದಡ್ಡನ ಮೇಲೆ ಯಾವ ಅಧಿಕಾರಿಯು ಮೊಕದ್ದಮೆ ಹೂಡುವನು? ಹೂಡಿದರೆ ತನಗೆ ತಾಗಿತೆಂದು ತಾನೇ ಒಪ್ಪಿಕೊಂಡಂತಾಗುವದು! ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ವು 1943ರಲ್ಲಿ ಹೊರಬಂದಿದ್ದಿತು. ಬೀಚಿಯವರು ಆ ಚೌಪದಿಯ ಅಚ್ಚಿನಲ್ಲಿಯೇ ತಮ್ಮ ತಿಂಮನನ್ನು ಎರಕ ಹೊಯ್ದು ‘ಅಂದನಾ ತಿಂಮ’ ಬರೆದರು. ಶಬ್ದಕೋಶಗಳನ್ನು ಅಣಕಿಸಿ ‘ತಿಂಮಿಕ್ಷನರಿ’ ಮಾಡಿದರು.

ಕಾದಂಬರಿಗಳ ಮಾತು ಬೇರೆ. ‘ದಾಸಕೂಟ’, ‘ಖಾದಿ ಸೀರೆ’, ‘ಸರಸ್ವತಿ ಸಂಹಾರ’ ಮೊದಲಾದುವುಗಳನ್ನು ನಾನು ಪ್ರೀತಿಯಿಂದ ಓದಿರುವೆನಾದರೂ ಅವುಗಳ ಕಟ್ಟಡವು ಗಟ್ಟಿಯೆಂದು ಹೇಳಲಾರೆನು. ನಗೆಯ ಮಾತು ಮೂರು ಸಾಲಿನಲ್ಲಿ ಮುಗಿಯುವದು. ಕಾದಂಬರಿಗೆ ಮುನ್ನೂರು ಪುಟ ಬೇಕು. ಅಂಕಣ ಬರೆದು ಪಳಗಿದ ಕೈಯು ಕಥೆಯ ನಡುವೆ ನಿಂತು, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತನಾಡಿಸುತ್ತದೆ. ಪಾತ್ರವು ಕಣ್ಣೀರಿಡುವ ಹೊತ್ತಿನಲ್ಲಿ ಗ್ರಂಥಕರ್ತನು ಶ್ಲೇಷೆಯಾಡುವನು. ವಿಮರ್ಶಕರು ಅವರನ್ನು ಮೊದಲ ಪಂಕ್ತಿಯಲ್ಲಿ ಕೂಡ್ರಿಸಲಿಲ್ಲವೆಂದರೆ ಅದು ಕೇವಲ ಹೊಟ್ಟೆಕಿಚ್ಚಲ್ಲ. ಆದರೆ ಸತಿ, ಸೂಳೆ ಎಂಬ ಎರಡು ಮಾತುಗಳನ್ನು ಒಂದೇ ಹೆಸರಾಗಿ ಹೊಸೆದು ಗೃಹಸ್ಥರ ಮುಂದೆ ಇಡಲು ಎದೆ ಬೇಕು. ಅಚ್ಚುಕಟ್ಟಾಗಿ ಕಥೆ ಕಟ್ಟಿದ ಹಲವರಿಗೆ ಆ ಎದೆ ಇರಲಿಲ್ಲ. ನನ್ನ ಗುರುಗಳು ಮೇಲಿನ ಹೆಸರನ್ನೋದಿಯೇ ಕೋಪಿಸಿಕೊಂಡರೆಂದರೆ ಅದು ತಾಗಬೇಕಾದಲ್ಲಿ ತಾಗಿದ್ದಿತೆನ್ನಬಹುದು.

ನಮ್ಮ ಸುರಪುರ ಸೀಮೆಯ ಮುದನೂರಿನಲ್ಲಿ ಬಾಳಿದ ದೇವರ ದಾಸಿಮಯ್ಯನ ಮಾತಿನಲ್ಲಿಯೂ ಇಂಥ ಮೊನಚು ಉಂಟಷ್ಟೆ. ಕಿರಿದಾಗಿ ನುಡಿದು ಕೇಳಿದವರನ್ನು ಬೆಚ್ಚಿಬೀಳಿಸುವದು ಈ ನೆಲಕ್ಕೆ ಹೊಸದಲ್ಲ.

ಕೊನೆಗೆ ಬೀಚಿಯವರನ್ನು ಸಾಕಿದವರು ಓದುಗರೇ. ‘ಸುಧಾ’ ವಾರಪತ್ರಿಕೆಯಲ್ಲಿ ಅವರು ‘ನೀವು ಕೇಳಿದಿರಿ?’ ಎಂಬ ಪ್ರಶ್ನೋತ್ತರವನ್ನು ನಡೆಸಿದರು. ನಾಡಿನ ಮೂಲೆಮೂಲೆಯವರು ಕಾಗದ ಬರೆದು ಕೇಳುವರು, ಅವರು ಒಂದೆರಡು ಸಾಲಿನಲ್ಲಿ ಉತ್ತರಿಸುವರು. ತಮ್ಮ ಆತ್ಮಕಥೆಗೆ ‘ಭಯಾಗ್ರಫಿ’ಯೆಂದು ಹೆಸರಿಟ್ಟರು. ಅಷ್ಟು ನಗಿಸಿದವರು ತಮ್ಮ ಬಾಳನ್ನು ನೆನೆದಾಗ ಮೊದಲು ಬಂದ ಮಾತು ‘ಭಯ’! 1980ರಲ್ಲಿ ಅವರು ತೀರಿಕೊಂಡರು.

ಶಹಾಪುರದ ವಾಚನಾಲಯಕ್ಕೆ ಬರುತ್ತಿದ್ದ ‘ಸುಧಾ’ದಲ್ಲಿ ನಾನು ಮೊದಲು ತೆರೆಯುತ್ತಿದ್ದುದು ಆ ಪುಟವನ್ನೇ. ನಾಲ್ಕಾರು ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿ, ರಾತ್ರಿ ರೊಟ್ಟಿಯ ಮುಂದೆ ತಂದೆಯವರಿಗೆ ಹೇಳುತ್ತಿದ್ದೆನು. ಅಕ್ಷರವನ್ನು ಕಲಿತವರಲ್ಲ ಅವರು. ಕೇಳಿ ಸುಮ್ಮನೆ ಉಣ್ಣುವರು. ಮರುದಿನ ಹೊಲದಲ್ಲಿ, ಹರಗುವ ಎತ್ತುಗಳನ್ನು ನಡುಸಾಲಿನಲ್ಲಿ ನಿಲ್ಲಿಸಿ, ಒಬ್ಬರೇ ನಗುವರು.