ಮನೆಯಲ್ಲಿ ಕೂತು ಮಾಡಿದ್ದೂ ಕೆಲಸವೇ

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಸಭೆಯಲ್ಲಿ ನಾವು ಸಾಮಾನ್ಯವಾಗಿ ಮಲ್ಲಿಗೆ ಕೃಷಿ, ಹೈನುಗಾರಿಕೆ, ಹಪ್ಪಳ, ಉಪ್ಪಿನಕಾಯಿ, ಟೈಲರಿಂಗ್ ಇವುಗಳ ಬಗ್ಗೆ ಮಾತನಾಡುತ್ತೇವೆ. ಇವತ್ತು ಬೇರೊಂದು ಉದ್ಯೋಗದ ಬಗ್ಗೆ ಹೇಳಬೇಕಾಗಿದೆ. ಯಾಕೆಂದರೆ ನಮ್ಮ ಸಂಘಗಳಿಗೆ ಈಗ ಲ್ಯಾಪ್‌ಟಾಪ್‌ಗೆ ಸಾಲ ಕೇಳಿ ಅರ್ಜಿಗಳು ಬರುತ್ತಿವೆ. ಹಸು ತರಲು ಸಾಲ ಕೇಳಿದರೆ ಏನು ವಿಚಾರಿಸಬೇಕು ಅಂತ ನಿಮಗೆ ಗೊತ್ತು. ಎಷ್ಟು ಲೀಟರ್ ಹಾಲು, ಹಿಂಡಿಗೆ ಎಷ್ಟು, ಡೈರಿಗೆ ಎಷ್ಟು ದೂರ, ಎಲ್ಲ ಕೇಳುತ್ತೀರಿ. ಲ್ಯಾಪ್‌ಟಾಪ್ ಅಂದ ಕೂಡಲೇ ಎಲ್ಲರೂ ಸುಮ್ಮನಾಗುತ್ತೇವೆ.

ನಮ್ಮ ಒಂದು ಸಂಘದಲ್ಲಿ ನಡೆದದ್ದನ್ನೇ ಹೇಳುತ್ತೇವೆ. ಹೆಸರು ಬೇಡ. ತಾಯಿ ಬೀಡಿ ಕಟ್ಟಿ ಮಗಳನ್ನು ಪದವಿಯವರೆಗೆ ಓದಿಸಿದವರು. ಮಗಳು ಕಂಪ್ಯೂಟರ್ ಕೋರ್ಸು ಮಾಡಿ, ಪೇಟೆಯಲ್ಲಿ ಸ್ವಲ್ಪ ಸಮಯ ಕೆಲಸ ಮಾಡಿದಳು. ಮಗುವಾದ ಮೇಲೆ ದಿನಾ ಬಸ್ಸಿನಲ್ಲಿ ಹೋಗಿ ಬರಲು ಆಗಲಿಲ್ಲ. ಮನೆಯಲ್ಲೇ ಕೂತು ವೆಬ್‌ಸೈಟ್ ಮಾಡಿಕೊಡುವುದು, ಅದಕ್ಕೆ ಬೇಕಾದ ಬರವಣಿಗೆ ಮಾಡಿಕೊಡುವುದು ಅಂತ ತೀರ್ಮಾನಿಸಿದಳು. ಇದಕ್ಕೆ ಫ್ರೀಲಾನ್ಸ್ ಅನ್ನುತ್ತಾರೆ. ಅಂದರೆ ಒಬ್ಬ ಧಣಿಯ ಕೈಕೆಳಗೆ ತಿಂಗಳ ಸಂಬಳಕ್ಕೆ ಅಲ್ಲ, ಬಂದ ಕೆಲಸಕ್ಕೆ ಬಂದಷ್ಟು. ತಾಯಿ ಸಂಘದಲ್ಲಿ 36,000 ರೂಪಾಯಿ ಸಾಲ ಕೇಳಿದರು. 18 ಕಂತು, ತಿಂಗಳಿಗೆ 2,000, ಬಡ್ಡಿ ಬೇರೆ. "ಮನೆಯಲ್ಲೇ ಕೂತ್ರೆ ಸಂಬಳ ಯಾರು ಕೊಡ್ತಾರೆ?" ಅಂತ ಒಬ್ಬರು ಕೇಳಿದರು. ಆದರೂ ತಾಯಿಯ ಮುಖ ನೋಡಿ ಸಾಲ ಮಂಜೂರಾಯಿತು.

ಈ ಕೆಲಸ ಅಂದರೆ ಏನು? ಒಂದು ಅಂಗಡಿಗೆ ವೆಬ್‌ಸೈಟ್ ಬೇಕು ಅಂತಿಟ್ಟುಕೊಳ್ಳಿ. ಅದಕ್ಕೆ ಒಂದು ಹೆಸರು ಬೇಕು, ಅದು ಡೊಮೈನ್. ಅದು ಅಂಗಡಿಯ ವಿಳಾಸ ಇದ್ದ ಹಾಗೆ, ವರ್ಷ ವರ್ಷ ಹಣ ಕಟ್ಟಿ ನವೀಕರಿಸಬೇಕು. ಎಲ್ಲವನ್ನೂ ಇಡಲು ಜಾಗ ಬೇಕು, ಅದು ಹೋಸ್ಟಿಂಗ್. ಅದು ಬಾಡಿಗೆ ಕೋಣೆ. ಇವೆರಡೂ ದುಡ್ಡಿಗೆ ಸಿಗುತ್ತವೆ. ಒಳಗೆ ಕಟ್ಟುವ ಸಾಮಾನಿಗೆ ಹೆಚ್ಚು ಖರ್ಚಿಲ್ಲ. 2003ರಲ್ಲಿ ಬಂದ ವರ್ಡ್‌ಪ್ರೆಸ್ ಎಂಬ ತಂತ್ರಾಂಶ ಉಚಿತ, ಲೋಕದಲ್ಲೆಲ್ಲ ಬಳಸುತ್ತಾರೆ. ಆದರೆ ಕಟ್ಟುವ ಕೈ ಉಚಿತ ಅಲ್ಲ. ಫೋಟೋ ತಿದ್ದಬೇಕು. ಪ್ರತಿ ಸಾಮಾನಿನ ಬಗ್ಗೆ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಬರೆಯಬೇಕು. ಮೊಬೈಲಿನಲ್ಲಿ ನೋಡಿದರೂ ಸರಿಯಾಗಿ ಕಾಣಬೇಕು. ಹಳೆಯ 'ನುಡಿ' ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡವನ್ನು ಯೂನಿಕೋಡಿಗೆ ಬದಲಾಯಿಸದಿದ್ದರೆ ವೆಬ್‌ಸೈಟಿನಲ್ಲಿ ಅದು ಓದಲು ಬರುವುದಿಲ್ಲ. ಬದಲಾಯಿಸುವಾಗ ಕೆಲವು ಅಕ್ಷರಗಳು ಕೆಡುತ್ತವೆ. ಸಾಲು ಸಾಲು ಓದಿ ಸರಿಮಾಡಬೇಕು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ.

ಮೊದಲನೆಯ ಕೆಲಸ ಒಬ್ಬ ಅಂಗಡಿಯವರದ್ದು. 9,000 ರೂಪಾಯಿ ಅಂತ ಬಾಯಿಮಾತಿನಲ್ಲಿ ಆಯಿತು. ಮುಂಗಡ ಇಲ್ಲ, ಕಾಗದ ಇಲ್ಲ. ಕೆಲಸ ಮುಗಿಸಿ ತೋರಿಸಿದಳು. "ಬಣ್ಣ ಸ್ವಲ್ಪ ಬದಲು ಮಾಡಿ" ಅಂದರು. ಮಾಡಿದಳು. "ಆ ಫೋಟೋ ಬೇಡ, ಬೇರೆ ಹಾಕಿ" ಅಂದರು. ಹಾಕಿದಳು. ಹೀಗೆ ಒಂಬತ್ತು ಸಲ. ಕೊನೆಗೆ ಅವರು ಫೋನ್ ಎತ್ತುವುದನ್ನೇ ಬಿಟ್ಟರು. ಇತ್ತ ಕಂತು ಬಾಕಿಯಾಯಿತು. ತಾಯಿ ರಾತ್ರಿ ಹೆಚ್ಚು ಹೊತ್ತು ಕೂತು ಬೀಡಿ ಕಟ್ಟಿ ಎರಡು ಕಂತು ತುಂಬಿದರು. ಸಭೆಯಲ್ಲಿ "ನಾವು ಆಗಲೇ ಹೇಳಿರ್ಲಿಲ್ವಾ" ಎಂಬ ಮಾತೂ ಬಂತು.

ಇಲ್ಲಿ ನಮ್ಮದೂ ಒಂದು ತಪ್ಪಿದೆ, ಅದನ್ನೂ ಹೇಳಿಬಿಡುತ್ತೇವೆ. ಅದೇ ಸಮಯದಲ್ಲಿ ಒಕ್ಕೂಟದ ವಾರ್ಷಿಕೋತ್ಸವ ಇತ್ತು. "ಹೇಗೂ ಮನೆಯಲ್ಲಿದ್ದೀಯಲ್ಲ ಮಗಳೇ" ಅಂತ ಹೇಳಿ ಆಮಂತ್ರಣ ಪತ್ರಿಕೆಯನ್ನೂ ವಾರ್ಷಿಕ ವರದಿಯನ್ನೂ ಅವಳಿಂದಲೇ ಮಾಡಿಸಿಕೊಂಡೆವು. ಎರಡು ದಿನದ ಕೆಲಸ. ವೇದಿಕೆಯಲ್ಲಿ ಧನ್ಯವಾದ ಹೇಳಿ ಒಂದು ಹೂ ಕೊಟ್ಟೆವು. ಅವಳು ಏನೂ ಹೇಳಲಿಲ್ಲ. ತಾಯಿ ಮಾತ್ರ ಮರುದಿನ ಕಚೇರಿಗೆ ಬಂದು ಕೇಳಿದರು: "ಸಿಸ್ಟರ್, ಪ್ರೆಸ್ಸಿನವರ ಬಿಲ್ಲು ಕೊಟ್ರಿ. ಶಾಮಿಯಾನದವರದ್ದೂ ಕೊಟ್ರಿ. ಇವಳದ್ದು ಎಲ್ಲಿ?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಸಮಾಜಕಾರ್ಯದಲ್ಲಿ ಪದವಿ ಪಡೆದು ವರ್ಷಗಟ್ಟಲೆ ಮಹಿಳೆಯರ ಶ್ರಮದ ಬೆಲೆಯ ಬಗ್ಗೆ ಮಾತನಾಡಿದವರು ನಾವು. ಆ ಬಿಲ್ಲನ್ನು ಆಮೇಲೆ ಕೊಟ್ಟೆವು. ಕೇಳಿಸಿಕೊಂಡ ಮೇಲೆ ಕೊಟ್ಟದ್ದು ಎಂಬುದನ್ನು ಮರೆತಿಲ್ಲ.

ಅದೇ ತಾಯಿ ಮಗಳಿಗೂ ಒಂದು ಪ್ರಶ್ನೆ ಕೇಳಿದ್ದರು. "ನಾನು ಬ್ರಾಂಚಿಗೆ ಹೋದ್ರೆ ಎಲೆ ಎಷ್ಟು, ಹೊಗೆಸೊಪ್ಪು ಎಷ್ಟು, ಬೀಡಿ ಎಷ್ಟು, ಎಲ್ಲ ಪುಸ್ತಕದಲ್ಲಿ ಬರೆಸದೆ ಹೊರಗೆ ಬರುವುದಿಲ್ಲ. ನೀನು ಬರೆಸಿಕೊಂಡಿದ್ದೀಯಾ?"

ಸಹೋದರಿಯರೇ, ಈ ಒಂದು ಪ್ರಶ್ನೆಯಲ್ಲೇ ಇವತ್ತಿನ ಭಾಷಣ ಎಲ್ಲಾ ಇದೆ. ಮನೆಯಲ್ಲಿ ಕೂತು ದುಡಿಯುವುದು ನಮಗೆ ಹೊಸತಲ್ಲ. ಅದನ್ನು ಕೆಲಸ ಅಂತ ಒಪ್ಪಿಸಲು ಹೋರಾಡಬೇಕಾಯಿತು, ಅಷ್ಟೇ. 1966ರಲ್ಲಿ ಬೀಡಿ ಕಾರ್ಮಿಕರಿಗಾಗಿ ಪ್ರತ್ಯೇಕ ಕಾಯಿದೆ ಬಂತು. ಮನೆಯಲ್ಲಿ ಬೀಡಿ ಕಟ್ಟುವವರಿಗೂ ಪಿ.ಎಫ್. ಅನ್ವಯಿಸುತ್ತದೆ ಅಂತ 1985ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಹಮದಾಬಾದಿನಲ್ಲಿ ಇಳಾ ಭಟ್ ಅವರು 'ಸೇವಾ' ಸಂಘಟನೆಯನ್ನು ಯೂನಿಯನ್ ಆಗಿ ನೋಂದಾಯಿಸಲು ಹೋದಾಗ, ಈ ಹೆಂಗಸರಿಗೆ ಮಾಲೀಕನೇ ಇಲ್ಲವಲ್ಲ ಅಂತ ಕಾರ್ಮಿಕ ಇಲಾಖೆ ತಕರಾರು ತೆಗೆಯಿತು. ಯೂನಿಯನ್ ಇರುವುದು ಮಾಲೀಕನ ವಿರುದ್ಧ ಮಾತ್ರ ಅಲ್ಲ, ದುಡಿಯುವವರ ಒಗ್ಗಟ್ಟಿಗೂ ಹೌದು ಅಂತ ಅವರು ವಾದಿಸಿದರು. 1972ರಲ್ಲಿ ನೋಂದಣಿ ಆಯಿತು. ಲ್ಯಾಪ್‌ಟಾಪ್ ಮುಂದೆ ಕೂತ ಹುಡುಗಿಯೂ ಅದೇ ಸಾಲಿನವಳು. ಅವಳಿಗೆ ಬ್ರಾಂಚಿನ ಪುಸ್ತಕ ಇಲ್ಲ, ಪಿ.ಎಫ್. ಇಲ್ಲ. ಎರಡನ್ನೂ ತಾನೇ ಮಾಡಿಕೊಳ್ಳಬೇಕು.

ನಾವು ತಾಯಿ ಮಗಳ ಜೊತೆ ಕೂತು ಎರಡನೆಯ ಕೆಲಸದ ಲೆಕ್ಕ ಹಾಕಿದೆವು. ನೀವೂ ಹಾಕಿ ನೋಡಿ. ಒಟ್ಟು ಬಂದದ್ದು 12,000. ಅದರಲ್ಲಿ ಡೊಮೈನ್, ಹೋಸ್ಟಿಂಗ್‌ಗೆ ಅವಳೇ ಕೈಯಿಂದ ಕೊಟ್ಟದ್ದು 3,500. ಉಳಿದದ್ದು 8,500. ವಿನ್ಯಾಸಕ್ಕೆ 30 ಗಂಟೆ, ಬರವಣಿಗೆಗೆ 20 ಗಂಟೆ. ಫೋನು, ಓಡಾಟ, ತಿದ್ದುಪಡಿಗೇ 35 ಗಂಟೆ! ಒಟ್ಟು 85. ಗಂಟೆಗೆ 100 ರೂಪಾಯಿ ಬಿತ್ತು. ಕರೆಂಟು, ಇಂಟರ್‌ನೆಟ್ಟು, ಲ್ಯಾಪ್‌ಟಾಪಿನ ಸವೆತ ಇನ್ನೂ ಕಳೆದಿಲ್ಲ.

ಮುಂದಿನ ಕೆಲಸದಿಂದ ಕ್ರಮ ಬದಲಾಯಿತು. ಡೊಮೈನ್, ಹೋಸ್ಟಿಂಗ್ ಎರಡನ್ನೂ ಗಿರಾಕಿಯೇ ತನ್ನ ಹೆಸರಿನಲ್ಲಿ, ತನ್ನ ಹಣದಲ್ಲಿ ತೆಗೆದುಕೊಳ್ಳಬೇಕು. ಎರಡು ಸಲದ ತಿದ್ದುಪಡಿ ಒಪ್ಪಿದ ದರದಲ್ಲೇ ಸೇರಿದೆ, ಮೂರನೆಯದಕ್ಕೆ ಬೇರೆ ದರ. ಅದೇ 12,000ದ ಕೆಲಸ 60 ಗಂಟೆಯಲ್ಲಿ ಮುಗಿಯಿತು. ಗಂಟೆಗೆ 200 ಆಯಿತು. ದರ ಒಂದು ರೂಪಾಯಿ ಏರಿಸದೆ ದುಡಿಮೆ ಎರಡು ಪಟ್ಟಾಯಿತು. ಬರೆದಿಟ್ಟದ್ದರಿಂದಲೇ ಆದದ್ದು ಇದು.

ಹಾಗಾಗಿ ಇಂಥ ಅರ್ಜಿ ನಿಮ್ಮ ಸಂಘಕ್ಕೆ ಬಂದರೆ, ಅಥವಾ ನಿಮ್ಮ ಮಗಳು, ಸೊಸೆ ಈ ಕೆಲಸಕ್ಕೆ ಇಳಿದರೆ, ಈ ವಿಷಯಗಳನ್ನು ಗಮನಿಸಿ.

1. ಬರಹದಲ್ಲಿ ಒಪ್ಪಂದ. ಏನು ಕೆಲಸ, ಎಷ್ಟು ಪುಟ, ಎಷ್ಟು ಸಲ ತಿದ್ದುಪಡಿ, ಎಷ್ಟು ಹಣ, ಯಾವ ದಿನಾಂಕಕ್ಕೆ. ಒಂದು ಹಾಳೆ ಸಾಕು. ಇ-ಮೇಲ್ ಅಥವಾ ವಾಟ್ಸಾಪಿನಲ್ಲಿ "ಒಪ್ಪಿದ್ದೇನೆ" ಅಂತ ಬರೆಸಿಕೊಂಡರೂ ಬಾಯಿಮಾತಿಗಿಂತ ಸಾವಿರ ಪಾಲು ಮೇಲು.

2. ಮುಂಗಡ. ಟೈಲರ್ ಅಕ್ಕ ದೊಡ್ಡ ಆರ್ಡರಿಗೆ ಅಡ್ವಾನ್ಸ್ ತೆಗೆದುಕೊಳ್ಳುವುದಿಲ್ಲವೇ? ಹಾಗೆಯೇ ಇದು. ಅರ್ಧ ಮೊದಲು, ಉಳಿದ ಅರ್ಧ ವೆಬ್‌ಸೈಟ್ ಜನರಿಗೆ ಕಾಣುವ ಮೊದಲು.

3. ಉದ್ಯಮ್ ನೋಂದಣಿ. 2020ರ ಜುಲೈಯಿಂದ ಇದು ಆನ್‌ಲೈನಿನಲ್ಲಿ ಇದೆ. ಆಧಾರ್, ಪ್ಯಾನ್ ಸಾಕು. ಪೂರ್ತಿ ಉಚಿತ. ಹಣ ಕೇಳುವ ಏಜೆಂಟರಿಗೆ ಕೊಡಬೇಡಿ. ಸಣ್ಣ ಉದ್ದಿಮೆಗಳ 2006ರ ಕಾಯಿದೆ ಪ್ರಕಾರ, ನೋಂದಾಯಿಸಿದವರಿಗೆ ಬರಬೇಕಾದ ಹಣವನ್ನು ಒಪ್ಪಂದದ ದಿನಾಂಕಕ್ಕೆ ಕೊಡಬೇಕು. ಒಪ್ಪಂದದಲ್ಲಿ ಏನೇ ಇದ್ದರೂ 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ರಾಜ್ಯದ ಫೆಸಿಲಿಟೇಷನ್ ಕೌನ್ಸಿಲ್‌ಗೆ ದೂರು ಕೊಡಬಹುದು. ಕೆಲಸ ಹಿಡಿಯುವ ಮೊದಲೇ ನೋಂದಣಿ ಮಾಡಿಸಿಕೊಳ್ಳಿ. ಆದರೂ ಹೇಳುತ್ತೇವೆ, ಸಣ್ಣ ಮೊತ್ತಕ್ಕೆ ದೂರು, ಓಡಾಟ ಅಂತ ಹೋದರೆ ಬಸ್ ಚಾರ್ಜಿಗೂ ಸಮಯಕ್ಕೂ ಪೂರೈಸುವುದಿಲ್ಲ. ಮುಂಗಡವೇ ಮೊದಲ ರಕ್ಷಣೆ.

4. ಬರಹದ ಹಕ್ಕು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ನೌಕರಿಯಲ್ಲಿ ಇಲ್ಲದೆ ಸ್ವತಂತ್ರವಾಗಿ ಬರೆದುಕೊಟ್ಟ ಲೇಖನದ ಹಕ್ಕು ಸಾಮಾನ್ಯವಾಗಿ ಬರೆದವರದ್ದೇ. ಅದನ್ನು ಬೇರೆಯವರಿಗೆ ವಹಿಸಿಕೊಡಬೇಕಾದರೆ ಲಿಖಿತದಲ್ಲಿ ಸಹಿ ಹಾಕಿ ಕೊಡಬೇಕು. ಓದದೆ ಸಹಿ ಹಾಕಬೇಡಿ ಅಂತ ನಾವು ಬ್ಯಾಂಕ್ ಸಾಲದ ವಿಷಯದಲ್ಲಿ ಹೇಳುವ ಮಾತು ಇಲ್ಲಿಗೂ ಅನ್ವಯಿಸುತ್ತದೆ.

5. ಉಳಿತಾಯ, ವಿಮೆ. ಈ ಕೆಲಸದಲ್ಲಿ ಒಂದು ತಿಂಗಳು 18,000 ಬರಬಹುದು, ಮುಂದಿನ ತಿಂಗಳು ಸೊನ್ನೆ. ಹಾಗಾಗಿ ಬಂದ ತಿಂಗಳೇ ಎರಡು ಕಂತಿನ ಹಣ ತೆಗೆದಿಡಬೇಕು. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಇದೆ, 436 ರೂಪಾಯಿಗೆ 2 ಲಕ್ಷದ ಜೀವ ವಿಮೆ ಇದೆ. 2022ರ ಜೂನ್‌ನಿಂದ ಇರುವ ದರ ಇದು. ಯಜಮಾನರ ಹೆಸರಿನಲ್ಲಿ ಮಾಡಿಸಿದ್ದೀರಿ, ಸರಿ. ಹೆಣ್ಣುಮಕ್ಕಳ ಹೆಸರಿನಲ್ಲಿಯೂ ಮಾಡಿಸಿ.

6. ಮೋಸ. "ಮನೆಯಲ್ಲೇ ಟೈಪಿಂಗ್ ಕೆಲಸ, ಮೊದಲು ಠೇವಣಿ ಕಟ್ಟಿ" ಅಂದರೆ ಅಲ್ಲೇ ನಿಲ್ಲಿಸಿ. ಕೆಲಸ ಕೊಡುವವರು ಹಣ ಕೊಡಬೇಕು, ಕೇಳಬಾರದು. ಹಣ ಹೋಗಿಬಿಟ್ಟರೆ ನಾಚಿಕೆ ಪಟ್ಟು ಸುಮ್ಮನಿರಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ.

ಇನ್ನು ಮನೆಯವರಿಗೆ ಒಂದು ಮಾತು. ಕಂಪ್ಯೂಟರ್ ಮುಂದೆ ಕೂತವಳು ಆಟ ಆಡುತ್ತಿಲ್ಲ. ಅವಳಿಗೂ ಬೆನ್ನು ನೋಯುತ್ತದೆ, ಕುತ್ತಿಗೆ ಹಿಡಿಯುತ್ತದೆ, ಕಣ್ಣು ಉರಿಯುತ್ತದೆ. ಮೊರ ತೊಡೆಯ ಮೇಲಿಟ್ಟು ವರ್ಷಗಟ್ಟಲೆ ಕೂತ ನಿಮಗೆ ಅದು ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತು. 20 ನಿಮಿಷಕ್ಕೊಮ್ಮೆ ತಲೆಯೆತ್ತಿ ದೂರ ನೋಡಲಿ. ಎರಡು ಗಂಟೆ ಯಾರೂ ಕರೆಯದ ಸಮಯ ಅವಳಿಗೆ ಕೊಡಿ. ಮಗುವನ್ನು ಅಜ್ಜಿ ನೋಡಿಕೊಳ್ಳಬಹುದು, ಅಪ್ಪನೂ ನೋಡಿಕೊಳ್ಳಬಹುದು. ಹಗಲೆಲ್ಲ ಮನೆಕೆಲಸ ಮುಗಿಸಿ ರಾತ್ರಿ ಹತ್ತರ ಮೇಲೆ ಕೂತರೆ ಬರೆದದ್ದರಲ್ಲಿ ತಪ್ಪು ಬರುತ್ತದೆ. ಆ ತಪ್ಪು ತಿದ್ದಲು ಮತ್ತೆರಡು ಗಂಟೆ ಹೋಗುತ್ತದೆ.

ಆ ಮೊದಲ ಅಂಗಡಿಯ 9,000 ರೂಪಾಯಿ ಬರಲೇ ಇಲ್ಲ. ಅದು ಹೋಯಿತು. ಸಾಲ 18 ತಿಂಗಳ ಬದಲು 21 ತಿಂಗಳಿಗೆ ತೀರಿತು. ಕೊನೆಯ ಕಂತುಗಳನ್ನು ಮಗಳೇ ಸಂಘಕ್ಕೆ ಬಂದು ಕಟ್ಟಿದಳು. ಅವಳು ಶ್ರೀಮಂತಳಾಗಿಲ್ಲ. ಕೆಲಸ ಇಲ್ಲದ ತಿಂಗಳು ಈಗಲೂ ಬರುತ್ತದೆ. ಆದರೆ ಅವಳ ಮೇಜಿನ ಮೇಲೆ ಒಂದು ಉದ್ದ ಪುಸ್ತಕ ಇದೆ. ಗಿರಾಕಿ, ಗಂಟೆ, ಮುಂಗಡ, ಬಾಕಿ ಅಂತ ನಾಲ್ಕು ಅಂಕಣ. ನಮ್ಮ ಸಂಘದ ಲೆಕ್ಕದ ಪುಸ್ತಕದ ಹಾಗೆಯೇ ಗೆರೆ ಹಾಕಿದ್ದಾಳೆ.

ಕೊನೆಯದಾಗಿ ಒಂದು ವಿನಂತಿ. ಕುಟುಂಬ ಸಮೀಕ್ಷೆಯ ಫಾರಂಗಳನ್ನು ಮೊನ್ನೆ ನೋಡುತ್ತಿದ್ದೆವು. ಆ ಮಗಳ ಹೆಸರಿನ ಮುಂದೆ 'ಉದ್ಯೋಗ' ಎಂಬಲ್ಲಿ "ಇಲ್ಲ, ಮನೆಯಲ್ಲಿದ್ದಾಳೆ" ಅಂತ ಬರೆದಿತ್ತು. ಬರೆದದ್ದು ನಮ್ಮದೇ ಕಾರ್ಯಕರ್ತೆ. ಹೇಳಿದವರು ಮನೆಯವರೇ. ಅದನ್ನು ಹೊಡೆದುಹಾಕಿ "ಬರವಣಿಗೆ ಮತ್ತು ವೆಬ್ ವಿನ್ಯಾಸ" ಅಂತ ಬರೆದೆವು. ನಿಮ್ಮ ನಿಮ್ಮ ಸಂಘದ ಫಾರಂಗಳನ್ನು ಈ ವಾರದ ಸಭೆಯಲ್ಲಿ ತೆಗೆದು ಓದಿ. ಬೀಡಿ ಕಟ್ಟುವವರು, ಹೂ ಕಟ್ಟುವವರು, ಬಟ್ಟೆ ಹೊಲಿಯುವವರು, ಲ್ಯಾಪ್‌ಟಾಪಿನಲ್ಲಿ ದುಡಿಯುವವರು, ಯಾರ ಹೆಸರಿನ ಮುಂದೆ "ಇಲ್ಲ" ಅಂತ ಇದೆಯೋ ಅದನ್ನೆಲ್ಲ ತಿದ್ದಿ ನಮಗೆ ಕಳುಹಿಸಿ.