ತಗ್ಗಿ ಕೂತ ಗಾಡಿ



ಇವತ್ತು ಗಾಡಿಯ ವಿಷಯ ಮಾತಾಡೋಣ. ಗಾಡಿ ಮಾತು ನಮಗ್ಯಾಕೆ ಅಂತ ಹಿಂದೆ ಯಾರೋ ನಕ್ಕರು. ಓಡಿಸುವವರು ಗಂಡಸರು, ನಿಜ. ಮೂಟೆ ಮೇಲೆ ಕೂರುವವರು ಯಾರು? ನಾವೇ ತಾನೇ?

ಸಂತೆ ದಿನ ನಮ್ಮೂರ ಗೂಡ್ಸ್ ಗಾಡಿ ನೋಡಿದ್ದೀರಿ. ಖಾಲಿ ಇದ್ದಾಗ ಎತ್ತರವಾಗಿ ನಿಂತಿರುತ್ತೆ. ಮೂಟೆ ಏರಿಸಿದ ಹಾಗೆಲ್ಲ ಹಿಂಭಾಗ ತಗ್ಗುತ್ತೆ. ಕೊನೆಗೆ ನಾವೂ ಹತ್ತುತ್ತೇವೆ. ಆಗ ಗಬ್ಬದ ಎಮ್ಮೆ ಹಾಗೆ ಹೊಟ್ಟೆ ಜೋತು ಬೀಳುತ್ತೆ.

ಯಾಕೆ ತಗ್ಗುತ್ತೆ? ಗಾಡಿಯ ಮೈಗೂ ಗಾಲಿಗೂ ನಡುವೆ ಉಕ್ಕಿನ ಪಟ್ಟಿಗಳ ಕಟ್ಟು ಇರುತ್ತೆ. ಡ್ರೈವರುಗಳು ಅದನ್ನು ಪಾಟಾ ಅಂತಾರೆ. ಅದು ಬಿಲ್ಲಿನ ಹಾಗೆ ಬಾಗಿರುತ್ತೆ. ಗಾಲಿ ಕಲ್ಲು ಹತ್ತಿದಾಗ ಏಟನ್ನು ಪಾಟಾ ತಾನು ತಗೊಳ್ಳುತ್ತೆ. ಭಾರ ಹೆಚ್ಚಾದರೆ ಆ ಬಿಲ್ಲು ಚಪ್ಪಟೆ ಆಗುತ್ತೆ. ಅದಕ್ಕೆ ಆಡಲು ಜಾಗ ಉಳಿಯೋದಿಲ್ಲ. ಏಟೆಲ್ಲ ಗಾಡಿಗೆ, ನಮ್ಮ ಸೊಂಟಕ್ಕೆ. ಪಾಟಾ ಮುರಿದರೆ ಗಾಡಿ ಒಂದೇ ಕಡೆ ವಾಲುತ್ತೆ.

ಗಾಡಿಯ ಅಡಿಯಲ್ಲಿ ಆಯಿಲ್ ಚೇಂಬರ್ ಇದೆ. ಬ್ರೇಕಿನ ಪೈಪು ಇದೆ. ನಿಯಮದ ಪ್ರಕಾರ ರಸ್ತೆ ಉಬ್ಬು 10 ಸೆಂಟಿಮೀಟರ್ ಎತ್ತರ ಇರಬೇಕು. ಅಂದರೆ ಅಂಗೈ ಅಗಲದಷ್ಟು. ನಮ್ಮೂರಿನವರು ಕಲ್ಲು ಮಣ್ಣು ಹಾಕಿ ಮಾಡಿದ ಉಬ್ಬು ಮೊಣಕಾಲು ಮುಟ್ಟುತ್ತೆ! ಅದನ್ನು ಮಾಡಿದವರೂ ನಾವೇ ಬಿಡಿ.

ಹೋದ ಈರುಳ್ಳಿ ಸುಗ್ಗಿಯಲ್ಲಿ ಅದೇ ಉಬ್ಬಿಗೆ ನಮ್ಮ ಗಾಡಿಯ ಹೊಟ್ಟೆ ಬಡಿಯಿತು. ಬ್ರೇಕಿನ ಪೈಪು ಒಡೆಯಿತು. ನಮಗೆ ಗೊತ್ತಾಗಲಿಲ್ಲ. ಮುಂದೆ ಹಳ್ಳದ ಇಳಿಜಾರು. ಡ್ರೈವರ್ ತುಳಿದ, ಬ್ರೇಕು ಸರಿಯಾಗಿ ಹಿಡಿಯಲಿಲ್ಲ. "ಗಟ್ಟಿ ಹಿಡಕೊಳ್ರೀ ಯಕ್ಕಾ" ಅಂತ ಕೂಗಿದ. ಪಕ್ಕದ ಮರಳಿನ ಗುಡ್ಡೆಗೆ ಗಾಡಿ ನುಗ್ಗಿಸಿದ. ಮೂಟೆ ಉರುಳಿ ನಮ್ಮಲ್ಲಿ ಒಬ್ಬಳ ಕೈ ಮುರಿಯಿತು. ಅವಳು ಈಗಲೂ ಕೊಡ ಎತ್ತುವುದಿಲ್ಲ. ಆ ಹುಡುಗ ಕೆಟ್ಟವನಲ್ಲ. ಗಾಡಿ ಮೇಲೆ ಸಾಲ ಇದೆ, ಅದಕ್ಕೇ ಹೆಚ್ಚು ಹೇರುತ್ತಾನೆ.

ಯಲ್ಲಾಪುರದ ಸುದ್ದಿ ನೆನಪಿದೆಯಾ? 2025ರ ಜನವರಿ 22ರ ಬೆಳಗಿನ ಜಾವ. ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ಲಾರಿ ಘಾಟಿನಲ್ಲಿ ಕಂದಕಕ್ಕೆ ಉರುಳಿತು. 10 ಜನ ಸತ್ತರು. ಹಣ್ಣು ತರಕಾರಿ ಜೊತೆ ಕೂತು ಹೊರಟ ವ್ಯಾಪಾರಿಗಳು ಅವರು. ಎದುರಿನ ಗಾಡಿಗೆ ದಾರಿ ಬಿಡಲು ಹೋದಾಗ ಹಾಗಾಯಿತು ಅಂದರು. ಅಲ್ಲಿನ ಕಾರಣ ಬೇರೆ ಇರಬಹುದು. ಸರಕಿನ ನಡುವೆ ಕೂತವರ ಪಾಡು ಮಾತ್ರ ಒಂದೇ.

ಈಗ ಲೆಕ್ಕ ಮಾಡೋಣ, ಪಾಟಿ ತೆಗೀರಿ. ಎಷ್ಟು ಹೇರಬಹುದು ಅಂತ ಗಾಡಿಯ ಪಕ್ಕದಲ್ಲಿ ಬಣ್ಣದಿಂದ ಬರೆದಿರುತ್ತೆ. ಅಕ್ಷರ ಇಂಗ್ಲಿಷಿನದು, ಅಂಕಿ ನಮಗೆ ಬರುತ್ತೆ. ನಮ್ಮೂರ ಗಾಡಿ ಮೇಲೆ 750 ಕಿಲೋ ಅಂತ ಇದೆ. 50 ಕಿಲೋ ಮೂಟೆ 15 ಆದರೆ ಮುಗಿಯಿತು. ಅವತ್ತು ಇದ್ದದ್ದು 24 ಮೂಟೆ. ಅದೇ 1,200 ಕಿಲೋ. ಮೇಲೆ ನಾವು 9 ಜನ. ಒಬ್ಬೊಬ್ಬರು 50 ಕಿಲೋ ಅಂದರೂ 450. ಕೂಡಿಸಿ: 1,650.

ಹೆಚ್ಚು ಹೇರಿದರೆ 2019ರ ತಿದ್ದುಪಡಿ ಕಾಯ್ದೆಯಲ್ಲಿ 20,000 ರೂಪಾಯಿ ದಂಡ ಇದೆ. ಅದು ಗಾಡಿಯವರ ಚಿಂತೆ. ನಮ್ಮ ಚಿಂತೆ ಇನ್ನೊಂದು. ಸರಕಿನ ಗಾಡಿಯಲ್ಲಿ ಸುಮ್ಮನೆ ಪ್ರಯಾಣಿಕರಾಗಿ ಹತ್ತಿದವರಿಗೆ ವಿಮೆ ಹಣ ಸಿಗುವುದು ಬಹಳ ಕಷ್ಟ. ಕೈ ಮುರಿದವಳಿಗೆ ಏನೂ ಸಿಗಲಿಲ್ಲ. ಆಸ್ಪತ್ರೆ ಖರ್ಚಿಗೆ ಸಂಘದಿಂದ ಸಾಲ ತೆಗೆದಳು.

ಹೋದ ವಾರ ನಾವು ಡ್ರೈವರಿಗೆ ಹೇಳಿದೆವು: "ತಮ್ಮಾ, 15 ಮೂಟೆ ಅಷ್ಟೇ ಹಾಕು. ನಾವು ಬಸ್ಸಿಗೆ ಬರ್ತೀವಿ." ಅವನು ಅಂದ: "ಹಾಗಾದ್ರೆ ಎರಡು ಸಲ ಹೋಗಬೇಕು ಯಕ್ಕಾ. ಎರಡನೇ ಬಾಡಿಗೆ ಯಾರು ಕೊಡ್ತೀರಿ?"

ಕೇಳಿದ್ದು ತಪ್ಪಲ್ಲ. ಮುಂದಿನ ಸಂತೆ ಶುಕ್ರವಾರ. ತಲೆಗೆ ಎಷ್ಟು ಬೀಳುತ್ತೆ ಅಂತ ಈಗಲೇ ಪಾಟಿ ಮೇಲೆ ಬರೆಯೋಣ. ಯಾರ ಮೂಟೆ ಎಷ್ಟು, ಒಬ್ಬೊಬ್ಬರೇ ಹೇಳಿ.